ಮಾಳಿಗೆಯ ಕರಿ ಪದರ

ನಮ್ಮ ಕಡೆ ಮಣ್ಣಿನ ಮಾಳಿಗೆಗೆ, ಅಂದರೆ ಮನೆಯ ಚಾವಣಿಗೆ, ವರ್ಷಕ್ಕೊಮ್ಮೆ, ಮುಂಗಾರಿನ ಮಿರಗದ ಮಳೆಗೆ ಮುಂಚೆ, ಹೊಸ ಮಣ್ಣು ಹೊದಿಸಿ ತುಳಿಯುವುದು ರೂಢಿ. ಹೀಗೆ ಹೊದಿಸುತ್ತ ಹೊದಿಸುತ್ತ ಮಾಳಿಗೆ ದಪ್ಪವಾಗುತ್ತದೆ, ಮನೆ ತಣ್ಣಗಿರುತ್ತದೆ, ತುಳಿದವರ ಸೊಂಟ ಹಿಡಿಯುತ್ತದೆ; ಇದಕ್ಕಿಂತ ಹೆಚ್ಚಿನದೇನಾದರೂ ಅಲ್ಲಿ ನಡೆಯುತ್ತಿರಬಹುದೆಂದು, ಬಸವಕಲ್ಯಾಣದಲ್ಲಿ ವಿಜ್ಞಾನ ಪಾಠ ಹೇಳಿಯೇ ನಿವೃತ್ತನಾದ ನನಗೂ ಎಂದೂ ಹೊಳೆದಿರಲಿಲ್ಲ.

ಈ ಬೇಸಿಗೆಯಲ್ಲಿ ಹುಮನಾಬಾದಿನ ನನ್ನ ತಂಗಿ ಶಾಂತಾ ಸ್ಲ್ಯಾಬು ಹಾಕಿಸಲೆಂದು ಅರ್ಧ ಮಾಳಿಗೆ ಇಳಿಸಿದಳು. ಉಳಿದರ್ಧದ ಕಡಿದ ಅಂಚು ನೋಡಿ ನಾನು ನಿಂತೇಬಿಟ್ಟೆ: ಕೆಳಗೆ ಕೆಂಪು, ನಡುವೆ ಮಸಿ ಕಲಸಿದಂಥ ಕಪ್ಪು, ಮೇಲೆ ಮತ್ತೆ ಕೆಂಪು. ಊರಾಚೆಯ ಭಟ್ಟಿಗಳು ಹಳೆಯ ಕಬ್ಬಿಣ, ಹಳೆಯ ಬ್ಯಾಟರಿಗಳನ್ನು ಹಗಲಿರುಳು ಕರಗಿಸುತ್ತಿದ್ದುದು, ಪೆಟ್ರೋಲಿನಲ್ಲಿ ಸೀಸ ಬೆರೆಯುತ್ತಿದ್ದುದು, ಆಮೇಲೆ ಆ ಭಟ್ಟಿಗಳು ಮುಚ್ಚಿದ್ದು, ಪೆಟ್ರೋಲು ಬದಲಾದದ್ದು, ಎಲ್ಲವೂ ಅಲ್ಲಿ ಒಂದರ ಮೇಲೊಂದು ಮಲಗಿದ್ದವು. ಗಾಳಿ ತಿಳಿಯಾದ ಕೂಡಲೇ ನಾವು ಹೊಗೆಯನ್ನು ಮರೆತೆವು. ಹೊಗೆ ಹೋಯಿತೆಂದರೆ ಎಲ್ಲಿಗೋ ಹೋಯಿತೆಂದುಕೊಳ್ಳುವುದು ಮನುಷ್ಯನ ಜಾಯಮಾನ. ಅದು ನಮ್ಮ ತಲೆಯ ಮೇಲೆಯೇ ಕೂತಿತ್ತು.

ನಿಮಗೆ ಇನ್ನೊಂದು ಮಾತು ಹೇಳಬೇಕು. ಹಳೆಯ ಮಾಳಿಗೆಯ ಮಣ್ಣೆಂದರೆ ನಮ್ಮವರಿಗೆ ಪ್ರಾಣ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲವೆಂದು ನಂಬಿಕೆ. ಶಾಂತಾ ಅದನ್ನು ಹಿತ್ತಲಲ್ಲಿ ಹರಡಿ ಸಬ್ಬಸಿಗೆ ಬಿತ್ತಿದ್ದಳು. ಅವಳ ಮಗಳು ರೇಖಾ ಚೊಚ್ಚಲ ಹೆರಿಗೆಗೆ ಬಂದಿದ್ದಾಳಲ್ಲ, ಬಾಣಂತಿಗೆ ಹಾಲು ಬರಲು ಸಬ್ಬಸಿಗೆ ಬೇಕು.

"ಈ ಮಣ್ಣಿನಾಗ ಹ್ಯಾಂಗ ಬಂದಾದ ನೋಡಣ್ಣಾ," ಎಂದಳು ಹೆಮ್ಮೆಯಿಂದ.

ನಾನು ಕೆಟ್ಟುಹೋದ ರೇಡಿಯೋದ ಅಯಸ್ಕಾಂತವನ್ನು ಹುಡುಕಿ ತಂದು ಆ ಮಡಿಯ ಮೇಲೆ ಆಡಿಸಿದೆ. ಕಬ್ಬಿಣದ ನವಿರಾದ ಕಪ್ಪು ಪುಡಿ ಮೀಸೆಯಂತೆ ಅಂಟಿಕೊಂಡಿತು. ಸೀಸ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಜ. ಆದರೆ ಎರಡೂ ಒಂದೇ ಹೊಗೆಯಲ್ಲಿ ಸವಾರಿ ಮಾಡಿ ಬಂದವು. ಸೀಸ ಹಸುಗೂಸಿನ ಮಿದುಳಿಗೆ ಏನು ಮಾಡುತ್ತದೆಂಬುದನ್ನು, ತರಗತಿಯಲ್ಲಿ ಹೇಳುತ್ತಿದ್ದಷ್ಟೇ ನಿರ್ಲಿಪ್ತವಾಗಿ, ಅವಳಿಗೆ ಹೇಳಿದೆ. ಪರೀಕ್ಷೆ ಮಾಡಿಸದೆ ಖಾತ್ರಿಯಿಲ್ಲವೆಂದೂ ಸೇರಿಸಿದೆ.

ಅವಳು ಪರೀಕ್ಷೆಗೆ ಕಾಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಸಬ್ಬಸಿಗೆಯನ್ನೆಲ್ಲ ಬೇರುಸಮೇತ ಕಿತ್ತಳು. ಮಣ್ಣನ್ನು ಮೂಲೆಗೆ ಎಳೆದು ತಾಡಪತ್ರಿ ಮುಚ್ಚಿದಳು. ಪಲ್ಲೆ ಚಿಟಗುಪ್ಪದ ಸಂತೆಯಿಂದ ತಂದರಾಯಿತು ಎಂದಳು. ನನಗೆ ಸಮಾಧಾನವಾಯಿತು, ವಿಜ್ಞಾನ ಒಮ್ಮೆಯಾದರೂ ಮನೆಮಂದಿಗೆ ಉಪಯೋಗಕ್ಕೆ ಬಂತೆಂದು ಕೊಂಚ ಬೀಗಿದೆ ಕೂಡ.

ಕೈ ತೊಳೆದುಕೊಂಡು ಬಂದವಳು ಕಡಿದ ಅಂಚಿನ ಕರಿ ಪದರಕ್ಕೆ ಬೆರಳು ತೋರಿಸಿದಳು.

"ಇದು ಯಾವಾಗಿಂದಣ್ಣಾ?"

ವರ್ಷಕ್ಕೊಂದರಂತೆ ಪದರಗಳನ್ನು ಅಂದಾಜಿಸುತ್ತ ಮೇಲಿನಿಂದ ಕೆಳಕ್ಕೆ ಬಂದೆ. "ರೇಖಾ ಹುಟ್ಟಿದ ಆಸುಪಾಸಿಂದು," ಎಂದೆ.

ಶಾಂತಾ ಬಾಗಿಲತ್ತ ಒಮ್ಮೆ ನೋಡಿದಳು. ಆಮೇಲೆ, ಒಳಗಿದ್ದ ಮಗಳಿಗೆ ಕೇಳಿಸದಷ್ಟು ಮೆಲ್ಲಗೆ, "ಆಕಿ ಅಂಬೆಗಾಲಿಡೋವಾಗ ಉದುರಿದ ಮಾಳಿಗಿ ಮಣ್ಣ ಆರಿಸಿ ತಿಂತಿದ್ಳು," ಎಂದಳು. "ತಿನ್ಲಿ ಬಿಡು, ನಮ್ಮ ಮನಿ ಮಣ್ಣೇ ಅಲ್ಲಾ, ಅಂತಿದ್ದೆ ನಾ."