ಆರು ಗಿಡಗಳ ತೂಕ

ಬುಧವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಗ್ರಾಮಣ್ಣ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲೂರಿ, ಕನ್ನಡಕವನ್ನು ಹಣೆಗೇರಿಸಿಕೊಂಡು, ತೂಕದ ಯಂತ್ರದ ಕೆಂಪು ಅಂಕಿಯನ್ನು ಓದುತ್ತಿದ್ದ. ಸೊನ್ನೆ. ನಿನ್ನೆಯೂ ಸೊನ್ನೆ, ಮೊನ್ನೆಯೂ ಸೊನ್ನೆ. ಗೋಡೆಗೆ ಅಂಟಿಸಿದ್ದ ಚೌಕುಳಿ ಹಾಳೆಯಲ್ಲಿ ಆರನೆಯ ಸೊನ್ನೆ ಬರೆಯುವಾಗ ಪೆನ್ಸಿಲಿನ ಮೊನೆ ಪಟ್ಟನೆ ಮುರಿಯಿತು.

ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಕ್ಕ ಹಾಳೆಯ ಕಡೆ ಇಣುಕಿದಳು. "ಆರು ಮೊಟ್ಟೆ ಆಯ್ತು. ಇನ್ನಾರು ಇಟ್ರೆ ಡಜನ್."

ಗ್ರಾಮಣ್ಣ ನಗಲಿಲ್ಲ. ಅವನ ನಿಜವಾದ ಹೆಸರು ಬೇರೆ. ಹತ್ತೊಂಬತ್ತು ವರ್ಷಗಳಿಂದ ಅಂಗಡಿ, ಗೋದಾಮು, ಕಾರ್ಖಾನೆಗಳ ತೂಕದ ಯಂತ್ರಗಳನ್ನು ಪರೀಕ್ಷಿಸಿ ರಿಪೇರಿ ಮಾಡುವುದು ಅವನ ಕಸುಬು. ಒಂದು ಗ್ರಾಂ ಆಚೀಚೆಯಾದರೂ ಬಿಡುವವನಲ್ಲ ಎಂದು ಜೊತೆಯ ಕೆಲಸಗಾರರು ಇಟ್ಟ ಹೆಸರು ಅದು. ಹೊಸಬರು ಅವನನ್ನು ಯಾವುದೋ ಹಳ್ಳಿಯವನೆಂದು ತಿಳಿಯುತ್ತಿದ್ದರು. ತಿದ್ದುವ ಗೋಜಿಗೆ ಅವನು ಹೋಗುತ್ತಿರಲಿಲ್ಲ.

ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಇದ್ದವರು ಅಕ್ಕ ತಮ್ಮ ಇಬ್ಬರೇ. ಅಕ್ಕ ಬನಿಯನ್ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ನಿಂತೇ ಕೆಲಸ ಮಾಡಿದವಳು. ಆ ಸಂಬಳದಲ್ಲೇ ತಮ್ಮನನ್ನು ಓದಿಸಿದ್ದಳು, ಕಸುಬು ಕಲಿಸಿದ್ದಳು. ಈಗ ಬಲ ಮಂಡಿ ಸವೆದು, ಒಲೆಯಿಂದ ಕಿಟಕಿಗೆ ಹೋಗಲು ಗೋಡೆ ಬೇಕಾಗಿತ್ತು. ಮಂಡಿ ಬದಲಿಸಬೇಕು, ಆಸ್ಪತ್ರೆ ಮತ್ತು ವ್ಯಾಯಾಮ ಎಲ್ಲ ಸೇರಿ ಹನ್ನೆರಡು ದಿನ ಅಲ್ಲೇ ಇರಬೇಕು ಎಂದಿದ್ದರು ಡಾಕ್ಟರು. ಅವಳು ಎರಡು ಸಲ ದಿನಾಂಕ ಮುಂದೂಡಿದ್ದಳು. ಮೂರನೆಯ ದಿನಾಂಕ ಬರುವ ಸೋಮವಾರ. ಇದೂ ತಪ್ಪಿದರೆ ಮತ್ತೆ ಏಳು ತಿಂಗಳು ಕಾಯಬೇಕಿತ್ತು.

ಅವಳು ಕೊಡುತ್ತಿದ್ದ ಕಾರಣ ಒಂದೇ: "ನನ್ನ ಗಿಡ ಯಾರು ನೋಡ್ಕೋತಾರೆ?"

ಆ ಪ್ರಶ್ನೆಗೆ ಗ್ರಾಮಣ್ಣ "ನಾನು" ಎನ್ನುವಂತಿರಲಿಲ್ಲ. ಮೂರು ವರ್ಷದ ಹಿಂದೆ ಅವಳು ನಾಲ್ಕು ದಿನ ಗೆಳತಿಯ ಮನೆಗೆ ಹೋಗಿದ್ದಾಗ, ಹದಿನೈದು ಕುಂಡಗಳಲ್ಲಿ ಒಂಬತ್ತನ್ನು ಒಣಗಿಸಿದವನು ಅವನೇ. ಉಳಿದವು ಆರು: ಎರಡು ಪುದೀನ, ಎರಡು ಪಾಲಕ್, ಒಂದು ಮನಿಪ್ಲಾಂಟ್, ಹಳೆಯ ಮನೆಯಿಂದ ಅಕ್ಕ ತೊಡೆಯ ಮೇಲಿಟ್ಟುಕೊಂಡು ತಂದ ಒಂದು ಬಿಗೋನಿಯಾ. ಅವನ ಕೆಲಸವೋ ತಿರುಗಾಟದ್ದು, ಹದಿನೈದು ದಿನಕ್ಕೊಮ್ಮೆ ಐದು ದಿನ ಪರವೂರು. ಇದ್ದ ಹದಿನಾಲ್ಕು ರಜೆಗಳನ್ನು ಅವಳು ಮನೆಗೆ ಮರಳಿದ ಮೇಲಿನ ಆರೈಕೆಗೆಂದು ಎತ್ತಿಟ್ಟಿದ್ದ. ಎದುರುಮನೆಯ ಟೈಲರಮ್ಮ ತಾನು ನೀರು ಹಾಕುತ್ತೇನೆಂದಾಗ ಅಕ್ಕ ಕೈ ಮುಗಿದಿದ್ದಳು. "ಬೇಡಮ್ಮ ತಾಯಿ. ನಿನ್ನ ಕೈಲಿ ಪ್ಲಾಸ್ಟಿಕ್ ಹೂವೂ ಬಾಡುತ್ತೆ."

"ಗಿಡ ಬರೀ ನೆಪ ಕಣಣ್ಣ," ಎಂದು ಟೈಲರಮ್ಮ ಮೆಟ್ಟಿಲಲ್ಲಿ ಅವನ ಕಿವಿಗೆ ಹಾಕಿದ್ದಳು. "ಅಕ್ಕಂಗೆ ಕತ್ತರಿ ಅಂದ್ರೆ ಭಯ. ನನ್ನ ಕತ್ತರಿ ಅಲ್ಲ, ಡಾಕ್ಟರ್ ಕತ್ತರಿ."

ನೆಪವೇ ಆಗಿದ್ದರೆ ಆ ನೆಪವನ್ನೇ ಇಲ್ಲವಾಗಿಸಬೇಕು ಎಂದು ಗ್ರಾಮಣ್ಣ ಹೊರಟ. ಮಣ್ಣಿಲ್ಲದೆ, ಗೊಬ್ಬರದ ನೀರಿನಲ್ಲೇ ಗಿಡ ಬೆಳೆಸುವ, ತನಗೆ ತಾನೇ ನೀರು ತುಂಬಿಸಿಕೊಳ್ಳುವ ಯಂತ್ರ ಮಾಡುತ್ತೇನೆ ಎಂದ. ಮೊದಲು ಹತ್ತು ದಿನ ಅಕ್ಕ ಹಾಕುತ್ತಿದ್ದ ನೀರನ್ನು ಲೋಟ ಲೋಟವಾಗಿ ತೂಗಿ ಬರೆದುಕೊಂಡ. ಹನ್ನೊಂದನೆಯ ದಿನ ಊಟದ ಮೇಜಿನ ಮುಂದೆ ನಿಂತು ಘೋಷಿಸಿದ: "ಆರು ಗಿಡ. ದಿನಕ್ಕೆ ಮುನ್ನೂರ ಇಪ್ಪತ್ತು ಗ್ರಾಂ ನೀರು. ಇದು ಬಾಯಿಮಾತಲ್ಲ."

"ಬಾಯಿಮಾತಿಗೆ ಇಷ್ಟೊಂದು ಲೋಟ ತೊಳೀಬೇಕಾಗಿರ್ಲಿಲ್ಲ," ಎಂದಿದ್ದಳು ಅಕ್ಕ.

ಎರಡು ವಾರದ ಕೆಲಸ ಎಂದು ಶುರುವಾದದ್ದು ಏಳು ವಾರ ತಿಂದಿತು. ಮೊದಲ ಸಲ ಪಾರದರ್ಶಕ ಡಬ್ಬಿ ಬಳಸಿದ್ದಕ್ಕೆ ನಾಲ್ಕೇ ದಿನದಲ್ಲಿ ಪಾಚಿ ಕಟ್ಟಿ, ನೀರು ಕೆರೆಯ ಬಣ್ಣಕ್ಕೆ ತಿರುಗಿತು. ಡಬ್ಬಿಗೆ ಕಪ್ಪು ಟೇಪು ಸುತ್ತಿದ. ಎರಡನೆಯ ಸಲ, ನೀರಿನ ಮಟ್ಟ ನೋಡಲು ಹಾಕಿದ್ದ ತೇಲುವ ಚೆಂಡು ಬೇರಿಗೆ ಸಿಕ್ಕಿಕೊಂಡು ಅಲ್ಲಾಡಲಿಲ್ಲ. ಮೂರನೆಯ ಸಲ, ಹದಿನೈದು ನಿಮಿಷ ಓಡಬೇಕಾದ ಪಂಪು ಟೈಮರಿನ ಒಂದು ತಪ್ಪು ಗುಂಡಿಯಿಂದಾಗಿ ಹದಿನೈದು ಗಂಟೆ ಓಡಿ ಸುಟ್ಟುಹೋಯಿತು. ಆ ವಾಸನೆ ಅಡುಗೆಮನೆಯಿಂದ ಹೋಗಲು ಮೂರು ದಿನ ಬೇಕಾಯಿತು. ಅಕ್ಕ ಮೂಗಿಗೆ ಸೆರಗು ಹಿಡಿದು ಓಡಾಡಿದಳು. ಬೈದಿದ್ದರೇ ವಾಸಿಯಿತ್ತು.

ಕೊನೆಗೆ ಅವನಿಗೆ ತನ್ನ ಕಸುಬೇ ದಾರಿ ತೋರಿಸಿತು. ನೀರನ್ನು ಅಳೆಯುವುದೇಕೆ, ತೂಗಬಹುದಲ್ಲ! ಗೋದಾಮಿನವರು ಬಿಸಾಡಿದ್ದ ಒಂದು ಹಳೆಯ ಯಂತ್ರವನ್ನು ರಿಪೇರಿ ಮಾಡಿ ತಂದ. ಗಿಡ, ಬೆಣಚುಕಲ್ಲು, ಆರು ತೂತಿನ ಪೈಪು, ಡಬ್ಬಿ, ಪಂಪು, ಕಬ್ಬಿಣದ ಕಾಲು, ಹೀಗೆ ಇಡೀ ಸಂಸಾರವನ್ನು ಅದರ ಮೇಲೆ ನಿಲ್ಲಿಸಿದ. ಒಟ್ಟು ಇಪ್ಪತ್ತೆರಡು ಕಿಲೋ. ಅಷ್ಟನ್ನೂ ಸೊನ್ನೆ ಎಂದು ಲೆಕ್ಕ ಹಿಡಿಯಲು ಯಂತ್ರವನ್ನು ಹೊಂದಿಸಿದ. ಗಿಡ ನೀರು ಕುಡಿದಂತೆ ತೂಕ ಇಳಿಯಬೇಕು. ಮುನ್ನೂರು ಗ್ರಾಂ ಇಳಿದ ಕೂಡಲೇ ಗೋಡೆಗೆ ತೂಗುಹಾಕಿದ ಬಕೆಟ್ಟಿನ ನಲ್ಲಿ ತಾನಾಗಿ ತೆರೆದು ಡಬ್ಬಿ ತುಂಬಬೇಕು, ಆ ದಿನ ಒಟ್ಟು ಎಷ್ಟು ಇಳಿಯಿತೆಂಬ ಅಂಕಿ ಯಂತ್ರದಲ್ಲಿ ಕಾಣಬೇಕು. ಸರಳ, ಅಚ್ಚುಕಟ್ಟು. ಆದರೆ ಆರು ದಿನವಾದರೂ ಅಂಕಿ ಸೊನ್ನೆಯಿಂದ ಕದಲಲಿಲ್ಲ, ನಲ್ಲಿ ಒಮ್ಮೆಯೂ ತೆರೆಯಲಿಲ್ಲ. ಗಿಡಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಹಸಿರಾಗಿದ್ದವು.

ಮುರಿದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಅವನು ಎದ್ದು ನಿಂತ.

"ಅಕ್ಕ, ನಿಜ ಹೇಳು. ನೀರು ಹಾಕ್ತಿದ್ದೀಯ ಅಲ್ವಾ?"

"ಯಾರು, ನಾನಾ?"

"ಗಿಡ ಬಾಡಿಲ್ಲ, ತೂಕ ಇಳಿದಿಲ್ಲ. ಅಂದ್ರೆ ಯಾರೋ ತುಂಬಿಸ್ತಿದ್ದಾರೆ. ಮನೇಲಿರೋದು ಇಬ್ರು. ನಾನಂತೂ ಅಲ್ಲ."

"ಮುಟ್ಟಬೇಡ ಅಂದೆ, ಮುಟ್ಟಿಲ್ಲ. ಆ ಕಡೆ ಉಸಿರೂ ಬಿಟ್ಟಿಲ್ಲ."

"ಆಸ್ಪತ್ರೆ ತಪ್ಪಿಸ್ಕೊಳ್ಳೋಕೆ ಹೀಗ್ ಮಾಡ್ತಿದ್ದೀಯ. ಯಂತ್ರ ಕೆಲಸ ಮಾಡ್ಬಾರ್ದು, ನೀನು ಹೋಗ್ಬಾರ್ದು. ಅಷ್ಟೇ ತಾನೆ?"

ಅಕ್ಕ ಚೌಕಟ್ಟಿನಿಂದ ಗೋಡೆಗೆ ಕೈ ಬದಲಿಸಿದಳು. "ಏಳು ವಾರದಿಂದ ನನ್ನ ಅಡುಗೆಮನೆ ನಿನ್ನ ಗ್ಯಾರೇಜು. ಒಂದು ಮಾತಾಡಿಲ್ಲ ನಾನು. ಈಗ ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ ಹಾಗೆ ನನ್ನ ಮೇಲೆ ಬಂತು. ಮೆಷಿನ್ ಸುಳ್ಳು ಹೇಳಲ್ಲ, ಅಕ್ಕ ಹೇಳ್ತಾಳೆ. ಹಂಗೇ ತಾನೆ?"

ಅವನು ಸಲಕರಣೆಗಳ ಪೆಟ್ಟಿಗೆ ಎತ್ತಿಕೊಂಡ. ಅವಳು ಗೋಡೆ ಹಿಡಿದು ಹನ್ನೊಂದು ಹೆಜ್ಜೆ ನಡೆದು ಫೋನ್ ಎತ್ತಿಕೊಂಡಳು. ಅವನು ಚಪ್ಪಲಿ ಮೆಟ್ಟುವಾಗ ಅವಳ ದನಿ ಕೇಳಿಸಿತು: "ಸೋಮವಾರದ್ದು ಬರ್ಕೊಂಡಿದ್ರಲ್ಲ, ಅದನ್ನ ಹೊಡೆದುಹಾಕಿ. ನಾನು ಬರಲ್ಲ."

ಆ ಬೆಳಿಗ್ಗೆ ಅವನ ಮೊದಲ ಕೆಲಸ ಬಣ್ಣದ ಅಂಗಡಿಯಲ್ಲಿತ್ತು. ಅಂಗಡಿಯವನದು ಒಂದೇ ದೂರು. "ನೋಡಿ ಸ್ವಾಮಿ, ನಿನ್ನೆ ಸಂಜೆ ತಿನ್ನರ್ ಡಬ್ಬ ಇಟ್ಟು ಸೊನ್ನೆ ಮಾಡಿ ಮುಚ್ಚಳ ತೆಗೆದಿಟ್ಟೆ. ಬೆಳಗಾಗೋದ್ರೊಳಗೆ ಎರಡು ಬೆರಳು ಆರಿಹೋಗಿದೆ, ಕಣ್ಣಿಗೆ ಕಾಣ್ತಿದೆ. ನಿಮ್ಮ ಮೆಷಿನ್ ಇನ್ನೂ ಸೊನ್ನೆ ಅಂತಿದೆ. ಇದಕ್ಕೇನು ಲಂಚ ಕೊಟ್ಟಿದ್ದಾರಾ ಯಾರಾದ್ರೂ?"

ಈ ದೂರಿಗೆ ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ವರ್ಷಕ್ಕೆ ಐವತ್ತು ಸಲವಾದರೂ ಹೇಳಿದ್ದು. "ಅದು ಕೆಟ್ಟಿಲ್ಲ. ಅದಕ್ಕೆ ಆಟೋ ಝೀರೋ ಅಂತೀವಿ. ತಟ್ಟೆ ಮೇಲೆ ಧೂಳು ಕೂರುತ್ತೆ, ತೇವ ಆರುತ್ತೆ, ಅದಕ್ಕೆಲ್ಲ ಅಂಕಿ ಅಲ್ಲಾಡಬಾರದು ಅಂತ ನಾವೇ ಹಾಕಿರ್ತೀವಿ. ಸೊನ್ನೆಯಿಂದ ತುಂಬಾ ನಿಧಾನವಾಗಿ ತೂಕ ಬದಲಾದ್ರೆ ಯಂತ್ರ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಮತ್ತೆ ಮತ್ತೆ ಸೊನ್ನೆ ಅಂತಲೇ…"

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ಗಾಳಿಯಲ್ಲಿತ್ತು.

"ಏನಾಯ್ತು ಸ್ವಾಮಿ?"

"ದೀಪದ ಬುಡದಲ್ಲೇ ಕತ್ತಲು," ಎಂದು ಗ್ರಾಮಣ್ಣ ಸಲಕರಣೆಗಳ ಪೆಟ್ಟಿಗೆ ಮುಚ್ಚಿದ.

ಮನೆಗೆ ಬಂದವನು ಕೈ ಕೂಡ ತೊಳೆಯದೆ ಕಪ್ಪು ಡಬ್ಬಿಯ ಮುಚ್ಚಳ ತೆಗೆದ. ನಾಲ್ಕು ಲೀಟರ್ ಇರಬೇಕಾದ ನೀರು ಅರ್ಧಕ್ಕಿಳಿದಿತ್ತು. ಇನ್ನೊಂದು ವಾರ ಕಳೆದಿದ್ದರೆ ಪಂಪು ಗಾಳಿ ಕುಡಿಯುತ್ತಿತ್ತು. ತೂಗಿ ತೂಗಿ ನೀರು ತುಂಬಿಸಿದ. ಸಾವಿರದ ಒಂಬೈನೂರ ಹತ್ತು ಗ್ರಾಂ ಹಿಡಿಯಿತು. ಆರು ದಿನಕ್ಕೆ ಭಾಗಿಸಿದರೆ ದಿನಕ್ಕೆ ಮುನ್ನೂರ ಹದಿನೆಂಟು ಚಿಲ್ಲರೆ. ಅಕ್ಕ ಒಂದು ತೊಟ್ಟು ನೀರೂ ಹಾಕಿರಲಿಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ. ಊರಿನ ಯಂತ್ರಗಳಿಗೆಲ್ಲ ಆ ಗುಣವನ್ನು ಹಾಕಿಕೊಡುವ ಕೈಯೇ ಇದಕ್ಕೂ ಯೋಚಿಸದೆ ಹಾಕಿತ್ತು. ಅವನಿಗೆ ಯಂತ್ರವನ್ನು ಎತ್ತಿ ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಇಪ್ಪತ್ತೆರಡು ಕಿಲೋ ಜೊತೆಗೆ ಯಂತ್ರದ್ದೇ ಒಂಬತ್ತು. ಎತ್ತಲಾಗುತ್ತಿರಲಿಲ್ಲ.

ಅಕ್ಕ ಮಂಚದ ಮೇಲೆ ಕಾಲು ನೀಡಿಕೊಂಡು ಬಟ್ಟೆ ಮಡಚುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು, ತಪ್ಪು ಎಲ್ಲಿತ್ತೆಂದು ಮೊದಲಿನಿಂದ ಕೊನೆಯವರೆಗೆ, ಒಂದು ಹಂತವನ್ನೂ ಬಿಡದೆ ವಿವರಿಸಿದ. ಕ್ಷಮೆ ಕೇಳಲು ಅವನಿಗೆ ಗೊತ್ತಿದ್ದ ರೀತಿ ಅದೊಂದೇ.

"ಅಂದ್ರೆ ಮೆಲ್ಲಗೆ ಕಮ್ಮಿಯಾದ್ರೆ ಅದಕ್ಕೆ ಗೊತ್ತೇ ಆಗಲ್ಲ," ಎಂದಳು ಅಕ್ಕ.

"ಗೊತ್ತಾಗಲ್ಲ."

"ನನ್ನ ಮಂಡೀನೂ ಮೆಲ್ಲಗೇ ಹೋಯ್ತು ಕಣೋ. ನೀನು ನಾಲ್ಕು ವರ್ಷ ಸೊನ್ನೆ ಅಂತಲೇ ಓದಿದೆ." ಕೈಯಲ್ಲಿದ್ದ ಅಂಗಿಯನ್ನು ಮಡಚಿ ಅವನ ಕಡೆ ಎಸೆದಳು. "ತಗೋ, ನಿಂದೇ."

ಅವನು ಅಂಗಿ ಹಿಡಿದುಕೊಂಡು ಮಂಚದ ಅಂಚಿಗೆ ಕೂತ. ಅದನ್ನು ಮತ್ತೊಮ್ಮೆ ಮಡಚುತ್ತಾ ಕೇಳಿದ: "ಸೋಮವಾರ ಹೋಗ್ತೀಯಾ?"

"ಮೂರು ದಿನ ಅದು ಸರಿಯಾಗಿ ಓಡಲಿ. ಆಮೇಲೆ ನೋಡೋಣ."

ಆಸ್ಪತ್ರೆಗೆ ಅವನೇ ಫೋನ್ ಮಾಡಿದ. ಗುಮಾಸ್ತೆ ಇನ್ನೂ ಹೆಸರು ಹೊಡೆದಿರಲಿಲ್ಲ. "ಇವರದು ಇದು ಮೂರನೇ ಸಲ ಅಲ್ವಾ? ಬೆಳಿಗ್ಗೆ ಬರಲ್ಲ ಅಂದವರು ಸಂಜೆ ಬರ್ತೀನಿ ಅಂತಾರೆ ಅಂತ ಪೆನ್ ಎತ್ತಿರ್ಲಿಲ್ಲ," ಎಂದಳು.

ಆಟೋ ಝೀರೋ ತೆಗೆದ ಮೇಲೆ ಯಂತ್ರ ನಿಜ ಹೇಳತೊಡಗಿತು. ಗುರುವಾರ ಮುನ್ನೂರ ಹತ್ತು, ಶುಕ್ರವಾರ ಮುನ್ನೂರ ಮೂವತ್ತು, ಶನಿವಾರ ಮತ್ತೆ ಮುನ್ನೂರ ಹತ್ತು. ದಿನಕ್ಕೊಮ್ಮೆ ನಲ್ಲಿ ಟಿಕ್ಕೆಂದು ತೆರೆದು, ಸುರಿದು, ಟಿಕ್ಕೆಂದು ಮುಚ್ಚುತ್ತಿತ್ತು. ಅಕ್ಕ ಮೂರೂ ದಿನ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತು ನೋಡಿದಳು. ಭಾನುವಾರ ಬಟ್ಟೆ ತುಂಬಿದಳು.

ಸೋಮವಾರ ಮಧ್ಯಾಹ್ನ ಅವಳನ್ನು ಸೇರಿಸಿದ್ದಾಯಿತು. ಶಸ್ತ್ರಚಿಕಿತ್ಸೆ ಮರುದಿನ ಬೆಳಿಗ್ಗೆ ಎಂಟಕ್ಕೆ. ಹೆಂಗಸರ ವಾರ್ಡಿನಲ್ಲಿ ಸಂಜೆ ಆರರ ಮೇಲೆ ಗಂಡಸರಿಗೆ ಜಾಗವಿಲ್ಲವಾದ್ದರಿಂದ ಟೈಲರಮ್ಮ ಜೊತೆಗೆ ಉಳಿದಳು. ಗ್ರಾಮಣ್ಣ ಆರು ಮುಕ್ಕಾಲಿಗೆ ಮನೆಯ ಬೀಗ ತೆಗೆದಾಗ ಚಪ್ಪಲಿ ಪಚಕ್ಕೆಂದಿತು.

ಪುದೀನ ಬೇರುಬಿಟ್ಟು ಬೇರುಬಿಟ್ಟು ಪೈಪಿನ ಬಾಯಿಗೇ ಬಿರಡೆಯಾಗಿತ್ತು. ಪಂಪು ಎತ್ತಿದ ನೀರು ಡಬ್ಬಿಗೆ ಮರಳದೆ ಮೇಲಿಂದ ನೆಲಕ್ಕೆ ಹರಿದಿತ್ತು. ತೂಕ ಇಳಿಯಿತೆಂದು ನಲ್ಲಿ ತೆರೆದು, ಬಕೆಟ್ಟಿನ ಹನ್ನೆರಡು ಲೀಟರೂ ಡಬ್ಬಿಯ ಮೂಲಕ ಅದರ ಹಿಂದೆಯೇ ನೆಲ ಸೇರಿತ್ತು. ಪಂಪು ಈಗ ಖಾಲಿ ಡಬ್ಬಿಯಲ್ಲಿ ಗೊರಗೊರ ಅನ್ನುತ್ತಿತ್ತು. ತೂಕದ ಯಂತ್ರದೊಳಗೆ ನೀರು ನುಗ್ಗಿ, ಅಂಕಿಯ ಜಾಗದಲ್ಲಿ ಮೂರು ಅಡ್ಡಗೆರೆ ಮಿನುಗುತ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅವನು ಸ್ವಿಚ್ ಆರಿಸಿ, ಪ್ಯಾಂಟು ಮಡಚಿ, ನೆಲ ಒರೆಸಲು ಕೂತ. ಒಂದು ಬಕೆಟ್ ಹಿಂಡಿದ, ಎರಡನೆಯದು ಅರ್ಧ ತುಂಬಿತು. ಗೋಡೆಯ ಮೇಲಿನ ಹಾಳೆಯೂ ನೆನೆದು ಜೋತುಬಿದ್ದಿತ್ತು. ಹನ್ನೆರಡು ದಿನ ಗಿಡಗಳನ್ನು ನೋಡಿಕೊಳ್ಳಲು ಅವನು ರಜೆಗಳನ್ನು ಈಗಲೇ ಖರ್ಚು ಮಾಡಬೇಕಾಗಿ ಬಂತು, ಅಕ್ಕನ ಆರೈಕೆಯ ಮಾತು ಆಮೇಲೆ. ಆರು ಗಿಡಗಳನ್ನು ಒಂದೊಂದಾಗಿ ಎತ್ತಿ ಆರು ಲೋಟ ನೀರಿನಲ್ಲಿ ಇಟ್ಟ. ಬಿಗೋನಿಯಾದ ಒಂದೆಲೆ ಮುರಿದಿತ್ತು.

ಏಳೂಕಾಲಿಗೆ ಫೋನ್ ಬಂತು.

"ಊಟ ಮಾಡಿದ್ಯೇನೋ?" ಅಕ್ಕನ ದನಿ ಸಣ್ಣದಾಗಿತ್ತು. ಹಿಂದೆ ಟೈಲರಮ್ಮ ಯಾರಿಗೋ ಏನೋ ಹೇಳಿ ನಗುತ್ತಿದ್ದಳು. "ನನಗೆ ಇಲ್ಲಿ ಸರಿ ಬರ್ತಿಲ್ಲ. ನರ್ಸು ಕಾಲ ಮೇಲೆ ಪೆನ್ನಲ್ಲಿ ಗುರುತು ಹಾಕಿ ಹೋದಳು. ಅದನ್ನ ನೋಡಿದಾಗ್ಲಿಂದ ಕೈ ತಣ್ಣಗಾಗಿದೆ. ನಿಜ ಹೇಳು, ಅದು ಓಡ್ತಿದೆಯಾ? ಓಡ್ತಿಲ್ಲ ಅಂದ್ರೆ ಈಗ್ಲೇ ಗಾಡಿ ಹಿಡಿದು ಬಂದುಬಿಡ್ತೀನಿ."

"ಓಡ್ತಿದೆ."

"ಹಂಗೆಲ್ಲ ಬೇಡ. ಮುಂದೆ ನಿಂತ್ಕೊಂಡು ಅಂಕಿ ಓದಿ ಹೇಳು. ಇವತ್ತು ಎಷ್ಟು ಕುಡಿದ್ವು?"

ಹತ್ತೊಂಬತ್ತು ವರ್ಷದಲ್ಲಿ ಗ್ರಾಮಣ್ಣ ಯಂತ್ರ ತೋರಿಸದ ಅಂಕಿಯನ್ನು ಯಾರಿಗೂ ಓದಿ ಹೇಳಿದವನಲ್ಲ. ಒದ್ದೆ ಬಟ್ಟೆಯನ್ನು ಬಕೆಟ್ಟಿನ ಅಂಚಿಗೆ ಹಾಕಿ, ಎದ್ದು, ಯಂತ್ರದ ಮುಂದೆ ಹೋಗಿ ನಿಂತ. ಸ್ವಿಚ್ ಆರಿಸಿದ್ದರಿಂದ ಅಡ್ಡಗೆರೆಗಳೂ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿಕೊಂಡು ಆ ಕಪ್ಪು ಗಾಜನ್ನೇ ನೋಡುತ್ತಾ ಓದಿದ:

"ಮುನ್ನೂರ ಇಪ್ಪತ್ತು."