ಗಾಜಿನ ಹಿಂದಿನ ಕೌದಿ

ಗುತ್ತಲದಿಂದ ಹಾವೇರಿಗೆ ಬಸ್ಸಿನಲ್ಲಿ ನಿಂತೇ ಬಂದೆವು. ಅವ್ವನ ಹಟಕ್ಕೆ ಎದುರಿಲ್ಲ. ಅಪ್ಪ ತೀರಿಕೊಂಡ ವರ್ಷ ಅವನ ಧೋತರ, ಅಂಗಿಗಳನ್ನೆಲ್ಲ ಹರಿದು ತಾನು ಹೊಲಿದ ಕೌದಿಯನ್ನು ಅವಳು ಒಮ್ಮೆ ಮುಟ್ಟಿ ನೋಡಬೇಕಿತ್ತು. ಹಳೆಯ ವಾಡೆಯೊಂದರಲ್ಲಿ ಹೊಸದಾಗಿ ತೆರೆದ ಕಲಾ ಗ್ಯಾಲರಿಯವರು ಅದನ್ನು ಕೇಳಿ ಒಯ್ದಿದ್ದರು. "ಮನ್ಯಾಗ ಇಲಿ ಕಡೀತಾವ ಯವ್ವಾ, ನಮ್ಮಲ್ಲಿ ಜ್ವಾಕಿ ಇರ್ತೈತಿ" ಎಂದಿದ್ದಕ್ಕೆ ಅವ್ವ ಮರುಳಾಗಿ ಕೊಟ್ಟಿದ್ದಳು.

ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಬೋರ್ಡಿನ ಪ್ರಕಾರ ತೆರೆದಿರಬೇಕಾದ ಹೊತ್ತು. ಕೀಲಿ ಇಟ್ಟುಕೊಂಡ ಪುಣ್ಯಾತ್ಮ ಚಹಾಕ್ಕೆ ಹೋಗಿದ್ದನಂತೆ. ಅದೆಂಥ ಚಹಾವೋ, ಬಿಸಿಲು ನೆತ್ತಿಗೇರಿದರೂ ಮುಗಿಯಲಿಲ್ಲ. ಅವ್ವ ಕಟ್ಟೆಯ ಮೇಲೆ ಸಮಾಧಾನವಾಗಿ ಕೂತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಂತೂ ಬಂದ. "ಚೀಲ ಹೊರಗ ಇಡ್ರಿ. ಫೋಟೊ ತಗೀಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ."

"ಕೌದಿ ಹೊಲದಾಕಿ ನಮ್ಮವ್ವರೀ" ಎಂದೆ.

"ಯಾರು ಹೊಲದ್ರೂ ರೂಲ್ಸು ರೂಲ್ಸರಿ."

ದಪ್ಪ ಕಂಬಗಳ ಪಡಸಾಲೆಯ ಕೊನೆಗೆ, ಗಾಜಿನ ಹಿಂದೆ ಕೌದಿ ತೂಗುತ್ತಿತ್ತು. ಕೆಳಗಿನ ಚೀಟಿಯಲ್ಲಿ 'ಜನಪದ ಕಸೂತಿ' ಎಂದು ಬರೆದಿತ್ತು. ಕೌದಿ ಕಸೂತಿಯಂತೆ, ಇವರ ತಲೆ! ಅವ್ವ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಅಪ್ಪನ ನೀಲಿ ಗೆರೆಯ ಅಂಗಿಯನ್ನು ಗುರುತಿಸಿದಳು. ಆಮೇಲೆ ನಡುವಿನ ಚೌಕ ನೋಡಿದಳು. ಅವಳ ಮುಖ ಇಳಿಯಿತು. ಅಲ್ಲಿ ಅವಳ ಕೈಹೊಲಿಗೆ ಬಿಚ್ಚಿ, ಮಷಿನ್ ಹೊಲಿಗೆ ಹಾಕಿದ್ದರು.

"ಒಳಗ ಏನೋ ಒಣಗಿದ್ದು ಸಿಕ್ತರಿ. ಹುಳಾ ಬೀಳ್ತಾವಂತ ತಗದು ಒಗದ್ರು" ಎಂದ ಕೀಲಿಯವನು.

ಅದು ಹೋಳಿಗೆಯ ಚೂರು. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಕೊನೆಯ ಹೊಲಿಗೆಗೆ ಮುಂಚೆ ಒಳಗಿಡುವುದು ನಮ್ಮಲ್ಲಿ ರೂಢಿ. ಅವ್ವ ಅಪ್ಪನಿಗೆಂದು ಎಡೆ ಇಟ್ಟ ಹೋಳಿಗೆಯನ್ನೇ ಮುರಿದು ಇಟ್ಟಿದ್ದಳು.

"ಒಂದು ಮಾತು ಕೇಳಾಕ ಏನಾಗಿತ್ರಿ ನಿಮಗ? ಕೊಟ್ಟಾಕಿ ಇನ್ನೂ ಜೀವಂತ ಅದಾಳ!" ಎಂದು ಕೂಗಾಡಿದೆ.

"ನನಗೇನ್ ಗೊತ್ತರಿ, ಸಾಹೇಬ್ರನ್ನ ಕೇಳ್ರಿ" ಎಂದ. ಸಾಹೇಬರು ಊರಲ್ಲಿರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಬುತ್ತಿ ಬಿಚ್ಚಿದೆ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವ್ವ ಕೈ ತೊಳೆದು ಬಂದು ಕೂತಳು. ರೊಟ್ಟಿ ಮುರಿದಳು. ಮತ್ತೆ ಬುತ್ತಿಯಲ್ಲೇ ಇಟ್ಟಳು.

"ಉಣ್ಣಬೇ, ಹೊತ್ತಾತು" ಎಂದೆ.

"ನೀ ಉಣ್ಣು. ನಿಮ್ಮಪ್ಪ ಅಲ್ಲಿ ಉಪಾಸ ಕುಂತಾನ" ಎಂದಳು.