ಅತ್ತೆಗೆ ಚಿರತೆ ತೋರಿಸಿದ್ದು

ಚಿರತೆಯ ಬಗ್ಗೆ ನನಗೆ ಬಹಳ ಗೊತ್ತು. ನೋಡುವುದೊಂದೇ ಬಾಕಿ ಇತ್ತು. ಬೆಟಗೇರಿಯಲ್ಲಿ ನನ್ನದೊಂದು ಸೀರೆ ಅಂಗಡಿ. ಮಧ್ಯಾಹ್ನ ಗಿರಾಕಿಗಳಿಲ್ಲದಾಗ ಮೊಬೈಲಿನಲ್ಲಿ ಚಿರತೆಯ ವಿಡಿಯೋ ನೋಡುವುದು ನನ್ನ ಚಟ. ಊರು ಬಿಟ್ಟು ಸ್ವಲ್ಪ ದೂರ ಹೋದರೆ ಕಪ್ಪತಗುಡ್ಡ. ಅಲ್ಲಿ ಚಿರತೆಗಳಿವೆ ಎಂದು ಗಿರಾಕಿಗಳಿಗೆ ಹೇಳುವಾಗ, ಅವನ್ನು ನಾನೇ ಸಾಕಿದವನಂತೆ ಗತ್ತು ಮಾಡುತ್ತೇನೆ ಎಂದು ಹೆಂಡತಿ ಸಾವಿತ್ರಿ ಆಡಿಕೊಳ್ಳುತ್ತಾಳೆ.

ಈ ಗತ್ತಿಗೆ ಪರೀಕ್ಷೆ ಬಂದದ್ದು ಗಂಗವ್ವತ್ತೆಯಿಂದ. ಅವಳು ನನ್ನ ತಂದೆಯ ತಂಗಿ. ಶಿರಹಟ್ಟಿ ಕಡೆಯ ಹಳ್ಳಿಯೊಂದರಲ್ಲಿ, ಗುಡ್ಡದ ಬುಡಕ್ಕೇ ಅವಳ ಹೊಲ. ಹೊಲಕ್ಕೆ ಹೋಗದ ದಿನ ಉಂಡದ್ದು ಮೈಗೆ ಹತ್ತುವುದಿಲ್ಲ ಎನ್ನುವವಳು. ಅಂಥವಳು ಬದುವಿನ ಮೇಲೆ ಚಿರತೆಯ ಹೆಜ್ಜೆ ಕಂಡ ದಿನದಿಂದ ಮನೆ ಹಿಡಿದು ಕೂತಳು. ಮೆಣಸಿನಕಾಯಿ ಗಿಡದಲ್ಲೇ ಹಣ್ಣಾಗಿ ಉದುರತೊಡಗಿತು. ಕಡೆಗೊಂದು ದಿನ ಫೋನ್ ಮಾಡಿ, "ಹೊಲಾ ಲಾವಣಿಗಿ ಕೊಟ್ಟಬಿಡ್ತೀನೋ. ಯಾರರೆ ಗುತ್ತಿಗಿ ಹಿಡದು ಮಾಡ್ಕೊಂಡು ಉಣ್ಣಲಿ," ಎಂದಳು. ಅವಳ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮೊದಲಿನ ದನಿಯಾಗಿದ್ದರೆ ಶಿರಹಟ್ಟಿಯಿಂದ ಬೆಟಗೇರಿಗೆ ಫೋನೇ ಬೇಕಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಅತ್ತಿ, ಕಾಣದ್ದಕ್ಕ ಅಂಜಿಕಿ ಜಾಸ್ತಿ. ಒಮ್ಮೆ ಕಣ್ಣಲೆ ನೋಡಿದಿ ಅಂದ್ರ ಹೋಗ್ತೈತಿ. ಬಾ, ನಾ ತೋರಸ್ತೀನಿ," ಎಂದುಬಿಟ್ಟೆ. ಚಿರತೆ ನನ್ನ ಅಂಗಡಿಯ ಕಪಾಟಿನೊಳಗಿನ ಇಳಕಲ್ ಸೀರೆಯೇನೋ, ಎಳೆದು ಬಿಚ್ಚಿ ಹಾಸಿದರಾಯಿತೇನೋ ಎಂಬಂತೆ.

ಹಾಗೆ ಒಂದು ಭಾನುವಾರ ಅನುಮತಿ ಪಡೆದು ನಾನು, ಸಾವಿತ್ರಿ, ಅತ್ತೆ ಮೂವರೂ ಕಾರಿನಲ್ಲಿ ಗುಡ್ಡಕ್ಕೆ ಹೊರಟೆವು. ದಾರಿಯುದ್ದಕ್ಕೂ ನನ್ನದೇ ಭಾಷಣ. ಲಕ್ಕುಂಡಿಯ ಗುಡಿಗಳಲ್ಲಿ ಕಲ್ಲಿನ ಸಿಂಹಗಳಿವೆ, ಆನೆಗಳಿವೆ. ನಮ್ಮ ಸೀಮೆಯಲ್ಲಿ ಸಿಂಹವನ್ನು ಕಂಡ ಶಿಲ್ಪಿ ಎಷ್ಟು ಜನವೋ ತಿಳಿಯದು. ಆದರೆ ಪಕ್ಕದ ಗುಡ್ಡದಲ್ಲೇ ಇದ್ದ ಚಿರತೆ ಯಾವ ಕಂಬದ ಮೇಲೂ ನನ್ನ ಕಣ್ಣಿಗಂತೂ ಬಿದ್ದಿಲ್ಲ. ನೆರೆಯವನಿಗೆ ಯಾವ ಕಾಲದಲ್ಲೂ ಮರ್ಯಾದೆ ಇಲ್ಲ ಎಂದು ನಾನು ವಿವರಿಸುತ್ತಿದ್ದರೆ, ಅತ್ತೆ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಳು.

ಅರಣ್ಯ ಇಲಾಖೆಯ ಗಾರ್ಡ್ ಹನಮಂತಪ್ಪ ನಮ್ಮನ್ನು ಒಂದು ದಿಬ್ಬದ ಮೇಲೆ ಕೂಡಿಸಿ, ಹಳ್ಳದ ಆಚೆಗಿನ ಬಂಡೆಯನ್ನು ತೋರಿಸಿದ. "ಬಿಸಲ ಇಳದ ಮ್ಯಾಲೆ ಒಮ್ಮೊಮ್ಮೆ ಅಲ್ಲಿ ಬಂದು ಕುಂಡರ್ತೈತ್ರಿ. ಬಂದ್ರ ನಿಮ್ಮ ಪುಣ್ಯ. ಮಾತಾಡಬ್ಯಾಡ್ರಿ," ಎಂದ.

ಕೂತೆವು. ಗುಡ್ಡದ ನೆತ್ತಿಯ ಗಾಳಿಯಂತ್ರಗಳು ಸೋಮಾರಿಯಾಗಿ ತಿರುಗುತ್ತಿದ್ದವು. ಬಿಸಿಲು ಹಳದಿಯಾಗಿ, ಆಮೇಲೆ ಕೆಂಪಾಯಿತು. ಎಲ್ಲೋ ಒಂದು ನವಿಲು ಗಾಬರಿಯಿಂದ ಕೂಗಿತು. ಬಂಡೆಯ ಕಡೆ ನೋಡಿದರೆ, ಅದು ಅಲ್ಲಿತ್ತು. ಬಂದದ್ದು ಯಾರಿಗೂ ಕಾಣಲಿಲ್ಲ. ಮೊದಲಿನಿಂದಲೂ ಅಲ್ಲೇ ಮಲಗಿದ್ದಂತೆ ಇತ್ತು. ಬಾಲದ ತುದಿ ಮಾತ್ರ ಅಲುಗುತ್ತಿತ್ತು. ಆಮೇಲೆ ತಲೆ ಎತ್ತಿ ನೇರವಾಗಿ ನಮ್ಮ ಕಡೆ ನೋಡಿತು.

ಅಷ್ಟೆಲ್ಲ ವಿಡಿಯೋ ನೋಡಿದ್ದ ನನಗೆ, ಚಿರತೆಯೂ ನನ್ನನ್ನು ನೋಡಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ. ಧೈರ್ಯಕ್ಕೆಂದು ಪಕ್ಕದಲ್ಲಿದ್ದ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅದು ಅತ್ತೆಯ ಕೈ.

ಅವಳು ನನ್ನ ಕಡೆ ನೋಡಲೇ ಇಲ್ಲ. ಬಾಯಿ ತೆರೆದುಕೊಂಡು ಬಂಡೆಯನ್ನೇ ನೋಡುತ್ತಿದ್ದವಳು ಒಮ್ಮೆಲೇ, "ಅಯ್ಯ ನಮ್ಮವ್ವಾ! ಎಷ್ಟ ಚಂದ ಐತ್ಲೇ ಬಸೂ!" ಎಂದು ಕೂಗಿದಳು. ತಿಂಗಳಿನಿಂದ ಅಡಗಿದ್ದ ದನಿ ಪೂರ್ತಿ ಹೊರಬಂತು. ಚಿರತೆ ಎದ್ದಿತು, ಕಿವಿ ಹಿಂದಕ್ಕೆ ಒತ್ತಿತು, ಒಂದೇ ನೆಗೆತಕ್ಕೆ ಪೊದೆಯಲ್ಲಿ ಮಾಯವಾಯಿತು.

"ಏನ್ ಮಾಡಿದಿ ಅತ್ತಿ! ಫೋಟೋ ಸೈತ ತಗೀಲಿಲ್ಲ," ಎಂದು ನಾನು ರೇಗಿದೆ. ಫೋನ್ ಹಿಡಿಯಬೇಕಿದ್ದ ನನ್ನ ಕೈ ಆಗ ಅತ್ತೆಯ ಕೈಯನ್ನು ಹಿಡಿದಿತ್ತು ಎನ್ನುವುದು ಬೇರೆ ಮಾತು. ಸಾವಿತ್ರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಹನಮಂತಪ್ಪನಿಗೂ ನಗು. "ಇರ್ಲಿ ಬಿಡ್ರಿ. ಮನಷ್ಯಾರ ದನಿ ಅಂದ್ರ ಅದಕ್ಕ ಆಗಂಗಿಲ್ಲ. ಯವ್ವಾ, ಬೆಳಕಿದ್ದಾಗ ಹೊಲಕ್ಕ ಹೋಗ್ರಿ, ಒಬ್ಬರನ್ನ ಜೋಡಿ ಕರಕೊಳ್ರಿ, ಮಾತಾಡ್ಕೋತ ನಡೀರಿ. ತನ್ನ ಹಾದಿ ತಾ ಹಿಡೀತೈತಿ."

ತಿರುಗಿ ಬರುವಾಗ ಭಾಷಣ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅತ್ತೆ ಸೆರಗಿನ ತುದಿಯನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಆಮೇಲೆ ಮೆಲ್ಲಗೆ, "ಖರೆ ಹೇಳ್ಲೇ ಬಸೂ, ಅದು ನನಗ ಅಂಜಿ ಓಡಿತಲಾ?" ಎಂದಳು.

"ಹೌದ ಅತ್ತಿ."

"ಪಾಪ," ಎಂದಳು.

ಹೊಲ ಲಾವಣಿಗೆ ಹೋಗಲಿಲ್ಲ. ಮರುದಿನವೇ ಬಿಸಿಲೇರಿದ ಮೇಲೆ ಪಕ್ಕದ ಮನೆಯ ಯಲ್ಲವ್ವನನ್ನು ಕರೆದುಕೊಂಡು ಅತ್ತೆ ಮೆಣಸಿನಕಾಯಿ ಬಿಡಿಸಲು ಹೋದಳು. ಆದರೆ ಯಲ್ಲವ್ವ ಮಾತು ಕಡಿಮೆಯ ಹೆಂಗಸು. ಹಾಗಾಗಿ ದಿನವೂ ಗುಡ್ಡದ ಹಾದಿ ಬಂದೊಡನೆ ಅತ್ತೆ ನನಗೆ ಫೋನ್ ಹಚ್ಚುತ್ತಾಳೆ. ನಾನು ಆಗತಾನೇ ಅಂಗಡಿಯ ಬಾಗಿಲು ತೆರೆಯುತ್ತಿರುತ್ತೇನೆ.

"ಏನ್ ಅತ್ತಿ?"

"ಏನಿಲ್ಲೋ, ಮಾತಾಡ್ಕೋತ ಹೊಂಟೀನಿ. ನೀ ಸುಮ್ನ ಕೇಳು."

ಕೇಳುತ್ತೇನೆ. ಯಾರ ಎಮ್ಮೆ ಈದಿತು, ಯಾರ ಸೊಸೆ ಮುನಿಸಿಕೊಂಡಳು, ಯಾರ ಬೋರಿಗೆ ನೀರು ಬಿತ್ತು, ಎಲ್ಲವೂ. ಗುಡ್ಡದ ಯಾವುದೋ ಬಂಡೆಯ ಮರೆಯಲ್ಲಿ ಚಿರತೆಯೂ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರಬಹುದು. ಅದಕ್ಕಾದರೆ ಎದ್ದು ಹೋಗುವ ಅನುಕೂಲವಿದೆ.